ಬಾವಿಯೊಳಗಿನವರ ಮಾತು

ಶಿವಾರಪಟ್ಟಣದ ಹಿಂಬದಿಯ ಕೇರಿಯಲ್ಲಿ ಬಾವಿ ಇತ್ತು, ಸೇದಲು ನೀರಿರಲಿಲ್ಲ. ಧಾತು ಸಂವತ್ಸರದ ಮಾತು ಇದು. ಬಚ್ಚಮ್ಮ ದಿನಕ್ಕೆ ನಾಲ್ಕು ಸಲ ಕೆರೆಗೆ ಹೋಗಿ, ದನ ಮೀಯುವ ನೀರನ್ನೇ ಸೆರಗಿನಲ್ಲಿ ಸೋಸಿ ತರುತ್ತಿದ್ದಳು. ಹಿಂದಿನ ಬೇಸಿಗೆಯಲ್ಲಿ ವಾಂತಿಭೇದಿಗೆ ಆ ಕೇರಿಯ ಐದು ಜನ ಹೋದರು. ಅವರಲ್ಲಿ ಬಚ್ಚಮ್ಮನ ಎರಡು ವರ್ಷದ ಮಗನೂ ಒಬ್ಬ. ಉಳಿದವಳು ಹನ್ನೆರಡು ವರ್ಷದ ಮಗಳು ಮುತ್ಯಾಲಮ್ಮ. ಬಿಸಿಲು ಮತ್ತೆ ಏರುತ್ತಿತ್ತು. ಮಗಳು ಚೊಂಬು ಎತ್ತಿದಾಗಲೆಲ್ಲ ತಾಯಿ ಅದರೊಳಗೆ ಬಗ್ಗಿ ನೋಡುತ್ತಿದ್ದಳು.

ಬಾವಿ ಬತ್ತಿರಲಿಲ್ಲ, ಕೇರಿಯವರೇ ಅದನ್ನು ತುಂಬಿಸಿಬಿಟ್ಟಿದ್ದರು. ಅಲ್ಲಿಯವರೆಲ್ಲ ಕಲ್ಲಿನಲ್ಲಿ ದೇವರನ್ನು ಕೆತ್ತುವವರು. ಕೆತ್ತುವಾಗ ಮೂಗಿನ ಚಕ್ಕೆ ಹಾರಿದರೆ, ಬೆರಳು ಮುರಿದರೆ ಆ ವಿಗ್ರಹ ಪೂಜೆಗೆ ಬಾರದು. ಹಾದಿಗೆ ಎಸೆಯಲು ಮನಸ್ಸಾಗದೆ ಈ ಬಾವಿಯ ನೀರಿಗೆ ಬಿಡುತ್ತಿದ್ದರು. ಅಜ್ಜಂದಿರು ಬಿಟ್ಟರು, ಅಪ್ಪಂದಿರು ಬಿಟ್ಟರು. ಮೇಲೆ ಕಸ ಬಿತ್ತು, ಸುತ್ತ ಕಳ್ಳಿ ಬೆಳೆಯಿತು. ನೀರಿಗೆ ಬಿಟ್ಟ ದೇವರನ್ನು ಮತ್ತೆ ಮುಟ್ಟಿದರೆ ವಂಶ ಉಳಿಯದೆಂಬ ಭಯಕ್ಕೆ ಯಾರೂ ಹತ್ತಿರ ಸುಳಿಯಲಿಲ್ಲ. ಆ ಸಾವುಗಳಾದ ಮೇಲೆ ಮೂರು ಮನೆಯವರು ಬೀಗ ಹಾಕಿ ಬೇರೆ ಊರು ಸೇರಿದರು. ಆರೋಗ್ಯದ ಇನ್ಸ್‌ಪೆಕ್ಟರು ಬಂದು ಬಾವಿಯ ಹೂಳು ಎತ್ತಿಸಿ ಎಂದಾಗ, ಬಚ್ಚಮ್ಮನ ಮಾವ, ಹಿರಿಯ ಶಿಲ್ಪಿ ಗುರುವಪ್ಪನವರು ಉಳಿಯಿಂದ ಕಣ್ಣೆತ್ತದೆ ಹೇಳಿದರು: "ನೀವು ಇಳೀರಿ ಸ್ವಾಮಿ, ಹಗ್ಗ ನಾನು ಹಿಡ್ಕೋತೀನಿ." ಇನ್ಸ್‌ಪೆಕ್ಟರು ಮತ್ತೆ ಬರಲಿಲ್ಲ.

ಆ ವರ್ಷ ಮಾಲೂರಿನಿಂದ ಶ್ಯಾಮಲಮ್ಮನೆಂಬ ಉಪಾಧ್ಯಾಯಿನಿ ಬಂದರು. ದೊಡ್ಡವರ ಬಳಿ ಬಾವಿಯ ಸುದ್ದಿಯನ್ನೇ ಎತ್ತಲಿಲ್ಲ. ಸಂಜೆ ಕೇರಿಯ ಹುಡುಗ ಹುಡುಗಿಯರನ್ನು ಗುರುವಪ್ಪನವರ ಜಗಲಿಯಲ್ಲಿ ಕೂರಿಸಿ, ಬಾವಿಯೊಳಗಿರುವವರು ತಮ್ಮತಮ್ಮಲ್ಲೇ ಏನು ಮಾತಾಡಿಕೊಳ್ಳುತ್ತಾರೆಂದು ಕಥೆ ಕಟ್ಟಿ ಹೇಳಿ ಎಂದರು. ಯಾರೋ ಹೇಳಿದ ಕಥೆಯಾಗಬಾರದು, ತಮ್ಮದೇ ಆಗಿರಬೇಕು. ಹೇಳುವವರನ್ನು ಯಾರೂ ಹಂಗಿಸಬಾರದು.

ಬಚ್ಚಮ್ಮ ಉಪಾಧ್ಯಾಯಿನಿಯನ್ನು ಹಿತ್ತಲಿಗೆ ಕರೆದು, "ಅಮ್ಮಾವ್ರೇ, ನಂಗುಳಿದಿರೋದು ಒಂದು ಕೂಸು. ಅದ್ರ ಬಾಯಲ್ಲಿ ಆ ದೇವ್ರ ಮಾತು ಆಡಿಸ್ಬೇಡಿ," ಎಂದಳು.

"ಎಲ್ರೂ ಹೆದ್ರಿಕೊಂಡೇ ಸುಮ್ಮನಿದ್ದೀರಿ ಬಚ್ಚಮ್ಮ. ಆ ಹೆದ್ರಿಕೇನ ಮಕ್ಕಳು ಒಂದ್ಸಲ ಬಾಯಿಬಿಟ್ಟು ಹೇಳ್ಲಿ. ನೀವೂ ಪಕ್ಕದಲ್ಲೇ ಕೂತ್ಕೊಳ್ಳಿ."

ಬಚ್ಚಮ್ಮ ಬಾಗಿಲ ಮರೆಯಲ್ಲಿ ಕೂತಳು. ಮೊದಲ ದಿನ ಸೀನಪ್ಪನೆಂಬ ಹುಡುಗ, ಬಾವಿಯಲ್ಲಿರುವ ನಂದಿಯ ಬೆನ್ನ ಮೇಲೆ ಹನ್ನೆರಡು ಜನ ದೇವರು ಕೂತು ಅದರ ಬೆನ್ನು ಹಿಡಿದುಕೊಂಡಿದೆ ಎಂದು ನರಳಿ ತೋರಿಸಿದ. ಸುತ್ತಿಗೆಗಳು ನಿಂತವು. ದಿನ ಕಳೆದಂತೆ ಗಂಡಸರೂ ಒಬ್ಬೊಬ್ಬರಾಗಿ ಬಂದು ಕೂತರು. ಗುರುವಪ್ಪನವರು ಮಾತ್ರ ಜಗಲಿಯ ತುದಿಯಲ್ಲಿ ಬೆನ್ನು ತಿರುಗಿಸಿ ಉಳಿ ಮಸೆಯುತ್ತಿದ್ದರು.

ಐದನೆಯ ಸಂಜೆ ಮುತ್ಯಾಲಮ್ಮನ ಸರದಿ. ತಳದಲ್ಲೊಬ್ಬಳು ಮೂಗಿಲ್ಲದ ದೇವಿ ಇದ್ದಾಳೆ, ಬೆಳಗಾದರೆ ಹೆಂಗಸರು ಕೆರೆಗೆ ಹೋಗುವ ಸದ್ದು ಕೇಳುತ್ತಾಳೆ, ಯಾರಾದರೂ ಬಗ್ಗಿದರೆ ಕಣ್ಣು ಕೆಂಪಗೆ ಮಾಡಿ ನೋಡುತ್ತಾಳೆ ಎಂದು ಹೇಳುತ್ತಿದ್ದಳು.

ಗುರುವಪ್ಪನವರಿಗೆ ತಡೆಯಲಾಗಲಿಲ್ಲ. "ಹೆಂಗೇ ನೋಡ್ತಾಳೆ? ಶಿಲ್ಪಿ ಮನೆ ಹುಡುಗಿ, ಅಷ್ಟೂ ಗೊತ್ತಿಲ್ವಾ? ವಿಗ್ರಹಕ್ಕೆ ಉಳೀಲಿ ಕಣ್ಣು ತೆರೆಯೋದು ಕೊನೇಗೆ, ಗುಡೀಲಿ ಕೂರಿಸೋವಾಗ. ಅಲ್ಲೀಗಂಟ ಅದು ಬರೀ ಕಲ್ಲು ಕಣೇ."

ಹುಡುಗಿ ಯೋಚಿಸಿದಳು. "ಬರೀ ಕಲ್ಲಾದ್ರೆ, ಎತ್ತಿದ್ರೆ ಯಾಕೆ ಕೋಪ ಮಾಡ್ಕೋತಾಳೆ ತಾತ?"

ಮಸೆಯುವ ಸದ್ದು ನಿಂತಿತು. ಮದುವೆಯಾಗಿ ಬಂದಂದಿನಿಂದ ಮಾವನ ಎದುರು ದನಿ ಎತ್ತದ ಬಚ್ಚಮ್ಮ ಬಾಗಿಲ ಮರೆಯಿಂದ ಆಚೆ ಬಂದಳು.

"ಮಾವ, ಈಗ ನೀವೇ ಅಂದ್ರಿ. ಬರೀ ಕಲ್ಲಿಗೋಸ್ಕರ ನಾನು ಇನ್ನೊಂದು ಮಗೂನ ಕಳ್ಕೊಳ್ಳೋಕಾಗಲ್ಲ."

ಗುರುವಪ್ಪನವರು ಉಳಿ ಕೆಳಗಿಟ್ಟರು. ಮೊಮ್ಮಗಳ ಕಡೆ ತಿರುಗಿ ಕೇಳಿದರು: "ಆಮೇಲೇನಾಯ್ತು?"

"ಆಮೇಲಿಂದು ಇನ್ನೂ ಕಟ್ಟಿಲ್ಲ ತಾತ. ನೀವೇ ಹೇಳ್ಬೇಕು."

ಮರುದಿನ ಬೆಳಿಗ್ಗೆ ಗುರುವಪ್ಪನವರೇ ಮೊದಲು ಬಾವಿಗಿಳಿದು ಕಲ್ಲು ಮುಟ್ಟಿದರು. ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ. ಹನ್ನೊಂದು ದಿನ ಗಂಡಸರು ವಿಗ್ರಹ ಎತ್ತಿದರು. ಮಕ್ಕಳು ಸಾಲಾಗಿ ನಿಂತು ಮಣ್ಣಿನ ಬುಟ್ಟಿ ಸಾಗಿಸಿದರು. ಚಕ್ಕೆಕಲ್ಲು ಸುರಿದು ಕೇರಿಯ ಕೆಸರು ಹಾದಿ ಗಟ್ಟಿ ಮಾಡಿದರು. ವಿಗ್ರಹಗಳನ್ನು ಬೇವಿನ ಮರದ ಕೆಳಗೆ ಸಾಲಾಗಿ ನಿಲ್ಲಿಸಿದರು. ಆ ನೆರಳಿನಲ್ಲೇ ಸಂಜೆಯ ಕಥೆ ಮುಂದುವರಿಯಿತು. ತಳದಲ್ಲಿ ಊಟೆಯ ಸೆಲೆ ಒಡೆದು ನೀರು ಬಂತು. ಸುತ್ತ ಕಟ್ಟೆ ಎದ್ದಿತು, ನೀರಿಗೆ ರೋಗ ತಡೆಯುವ ಕೆಂಪು ಔಷಧಿ ಬಿತ್ತು. ಬೀಗ ಹಾಕಿದ್ದ ಮನೆಗಳಲ್ಲಿ ಎರಡು ತೆರೆದವು. ಆ ಬೇಸಿಗೆಯಲ್ಲಿ ಕೇರಿಯಲ್ಲಿ ಒಬ್ಬರಿಗೂ ವಾಂತಿಭೇದಿ ಆಗಲಿಲ್ಲ.

ಇದನ್ನು ಓದುವ, ಓದಿಸಿ ಕೇಳುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಕೇರಿಯಲ್ಲೂ ಎಲ್ಲರೂ ಕಂಡು ಸುಮ್ಮನಿರುವ ಒಂದು ಜಾಗ ಇದ್ದೀತು. ಕೊಳೆತ ಮೋರಿಯಾಗಲಿ, ಹಾಳುಬಿದ್ದ ಚಾವಡಿಯಾಗಲಿ, ಅದರ ಮೇಲೆ ನಿಮ್ಮ ಮಕ್ಕಳಿಂದ ಕಥೆ ಕಟ್ಟಿಸಿ. ಅವರನ್ನು ಗದರಿಸಬೇಡಿ. ಕಥೆ ಮುಗಿದ ಮೇಲೆ, ಈಗ ನಾವೇನು ಮಾಡಬೇಕೆಂದು ಅವರನ್ನೇ ಕೇಳಿ. ಅವರು ಹೇಳಿದ ಕೆಲಸಕ್ಕೆ ಮರುದಿನವೇ ನೀವು ಮೊದಲು ಕೈ ಹಾಕಿ. ಒಂದು ಸಾವು ಬಂದು ಎಚ್ಚರಿಸುವವರೆಗೆ ಕಾಯಬೇಡಿ.