ಹೆಗಡೆಯವರ ಭಾಷಣಕ್ಕೆ ನಾವು ಅಳಲು ಕಲಿತದ್ದು

“ಬಲಗೈ ಎತ್ತಿದ್ರೆ ಚಪ್ಪಾಳೆ. ಎಡಗೈ ಎದೆ ಮೇಲೆ ಇಟ್ರೆ ಅಳೂದು. ಇಷ್ಟೂ ತಲೆಗೆ ಹೋಗೂದಿಲ್ವೇನ್ರಾ, ಬೋಳಿಮಕ್ಕಳ್ರಾ? ಗದ್ದೆ ಕೋಣಕ್ಕೂ ನಿಮಗಿಂತ ಬುದ್ಧಿ ಉಂಟು.”

ಕಾರಕೂನ ಕೃಷ್ಣಾನಂದ ಹೀಗೆ ಬೈಯುತ್ತಿದ್ದದ್ದು ವಿಘ್ನೇಶ್ವರ ಹೆಗಡೆಯವರ ಅಂಗಳದ ಹೊರಗೆ, ಗೊಬ್ಬರದ ಗುಂಡಿಯ ಪಕ್ಕದಲ್ಲಿ. ಅಂಗಳದ ಒಳಗೆ ಮುಕ್ರಿ ಕೇರಿಯವರು, ಅಂದರೆ ಮುಟ್ಟಿಸಿಕೊಳ್ಳಬಾರದ ನಾವು, ಕಾಲಿಡುವಂತಿರಲಿಲ್ಲ. ಹಾಗಾಗಿ ಮೂವತ್ತು ಮನೆಯ ಗಂಡಸರು, ಹೆಂಗಸರು ಬಿಸಿಲಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಮೂಗು ಮುಚ್ಚಿಕೊಳ್ಳಲೂ ಬಿಡುವಿಲ್ಲದೆ ಚಪ್ಪಾಳೆ ಕಲಿಯುತ್ತಿದ್ದೆವು. ಹುಟ್ಟಿದಾಗಿನಿಂದ ಕೈ ಕಟ್ಟಿ ನಿಂತು ಗೊತ್ತಿದ್ದವರಿಗೆ ಕೈ ತಟ್ಟುವುದು ಅಷ್ಟು ಬೇಗ ಬರುವುದಿಲ್ಲ.

“ಅಳು, ಬಂಗಾರಿ, ಅಳು. ಹಲ್ಲು ಕಿರೀಬೇಡ.”

“ಗಂಡ ಸತ್ತಾಗ್ಲೇ ಎಲ್ಲಾ ಅತ್ತು ಮುಗ್ಸಿದೆ ಕಾರಕೂನ್ರೇ. ಈಗ ಬಾ ಅಂದ್ರೆ ಬತ್ತದ್ಯಾ?” ಅಂದಳು ನನ್ನ ಅತ್ತೆ. ಅಪ್ಪನ ಅಕ್ಕ. ಅಪ್ಪ, ಅಮ್ಮ ಇಬ್ಬರೂ ಒಂದೇ ಮಳೆಗಾಲದಲ್ಲಿ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಅವಳಿಗೆ ನಗು ಬಂದರೆ ಹೆಗಡೆಯವರು ಎದುರಿಗಿದ್ದರೂ ನಿಲ್ಲುತ್ತಿರಲಿಲ್ಲ.

ಅದು ಅರವತ್ತೊಂದನೇ ಇಸವಿ. ಉಳುವವನಿಗೇ ನೆಲ ಎಂಬ ಕಾನೂನು ಬರುತ್ತದಂತೆ ಎಂದು ತದಡಿಯಲ್ಲಿ ಮೀನು ಮಾರುವ ಹೆಂಗಸರೂ ಮಾತಾಡಿಕೊಳ್ಳುತ್ತಿದ್ದರು. ನಾವು ಉಳುತ್ತಿದ್ದದ್ದು ಹೆಗಡೆಯವರ ಗಜನಿ. ಗಜನಿ ಅಂದರೆ ಅಘನಾಶಿನಿ ಹೊಳೆಯ ಉಪ್ಪುನೀರಿಗೆ ಮಣ್ಣಿನ ಕಟ್ಟೆ ಹಾಕಿ ಬಿಡಿಸಿಕೊಂಡ ಗದ್ದೆ. ಕಟ್ಟೆ ಹಾಕಿದವರು ನಮ್ಮ ಅಜ್ಜಂದಿರು, ಕಗ್ಗ ಭತ್ತ ಬಿತ್ತಿ ಕೊಯ್ಯುವವರು ನಾವು, ಗೇಣಿ ಅಳೆದು ಕಣಜ ತುಂಬಿಸಿಕೊಳ್ಳುವವರು ಹೆಗಡೆಯವರು. ಗೇಣಿಗೆ ಮಾಡುತ್ತಿದ್ದೇವೆ ಎಂದು ಸರಕಾರದ ಮುಂದೆ ನಿಂತರೆ ನೆಲ ನಮ್ಮದಾಗಬಹುದಿತ್ತು. ಬರೀ ಕೂಲಿಗಳು ಎಂದಾದರೆ ಏನೂ ಇಲ್ಲ. ಹೆಗಡೆಯವರಿಗೆ ಇದು ನಮಗಿಂತ ಮೊದಲೇ ಗೊತ್ತಾಗಿತ್ತು. ಅವರು ಒಂದು ಕಾಗದ ಬರೆಸಿದ್ದರು. ಬಿತ್ತನೆ ಬೀಜ ಕೊಡುವ ಸೊಸೈಟಿಗೆ ಅರ್ಜಿ ಅಂತ ನಮಗೆ ಹೇಳಿದರು.

ಮನೆಯ ಹಿಂದೆ ಹೆದರಿಸಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ನಾಳೆ ಯಾರಾದರೂ ತಕರಾರು ತೆಗೆದಾರು. ಅದಕ್ಕೇ ಸಭೆ. ಕುಮಟೆಯಿಂದ ಕಂದಾಯದ ದೊಡ್ಡ ಅಧಿಕಾರಿ, ಪ್ರಾಂತ ಸಾಹೇಬರು ಬಂದು ಕೂರಬೇಕು, ಅವರ ಕಣ್ಣೆದುರಿಗೇ ನಮಗೆ ಒಡೆಯರ ಮೇಲೆ ಪ್ರೀತಿ ಉಕ್ಕಿ ಬಂದು ನಾವಾಗಿಯೇ ಹೆಬ್ಬೆಟ್ಟು ಒತ್ತಬೇಕು. ಪ್ರೀತಿ ಉಕ್ಕಬೇಕಾದರೆ ಭಾಷಣ ಬೇಕು. ಭಾಷಣದಲ್ಲಿ ಹೆಗಡೆಯವರನ್ನು ಮೀರಿಸುವವರು ಹೊನ್ನಾವರದಿಂದ ಕುಮಟೆಯವರೆಗೆ ಇರಲಿಲ್ಲ. ತಾಳಮದ್ದಳೆಯಲ್ಲಿ ಅರ್ಥ ಹೇಳಿ ಪಳಗಿದ ನಾಲಗೆ. ಸೋತ ಪಕ್ಷವನ್ನೂ ಮಾತಿನಲ್ಲಿ ಗೆಲ್ಲಿಸಿ ಮನೆಗೆ ಬರುತ್ತಿದ್ದರು.

ನಾನು ನಾಲ್ಕನೇ ಇಯತ್ತೆ ಓದಿದ್ದೆ. ಕೇರಿಯಲ್ಲಿ ಅಕ್ಷರ ಬಲ್ಲವನು ನಾನೊಬ್ಬನೇ. ನನಗೆ ಕಾರಕೂನರ ಹಳೇ ಅಂಗಿ ಸಿಕ್ಕಿತು. ಎದುರಿಗೆ ಕೂತು ಮೊದಲ ಚಪ್ಪಾಳೆ ತಟ್ಟುವ ಕೆಲಸವೂ ಸಿಕ್ಕಿತು. ಎಲ್ಲ ಸುಸೂತ್ರ ಮುಗಿದರೆ ಕುಮಟೆಯ ಕಚೇರಿಯಲ್ಲಿ ಜವಾನನ ನೌಕರಿ ಕೊಡಿಸುತ್ತೇನೆ ಎಂದು ಹೆಗಡೆಯವರು ಅಂದಿದ್ದರು. ನಾನು ನಂಬಿದ್ದೆ.

ಹೆಗಡೆಯವರು ಜಗಲಿಗೆ ಬಂದು ಒಳಗೆ ತಿರುಗಿ ಹೆಂಡತಿಗೆ ಹೇಳಿದರು: “ಸುಬ್ಬಲಕ್ಷ್ಮೀ, ನನ್ನ ಹಳೇ ಪಂಜೆ ಎಲ್ಲಿದ್ದು? ನಾಳೆಗೆ ಅದೇ ಬೇಕು. ಹೊಸ್ದು ಉಟ್ಟರೆ ಮಾತು ಹತ್ತತಿಲ್ಲೆ.”

ಆಮೇಲೆ ನಮ್ಮ ಕಡೆ ತಿರುಗಿದರು. ಗಂಟಲು ಬದಲಾಯಿತು. ಅದುವರೆಗೆ ಮನೆಯ ಯಜಮಾನನಿದ್ದ ಜಾಗದಲ್ಲಿ ಬೇರೆ ಯಾರೋ ಬಂದು ನಿಂತಂತಾಯಿತು.

“ಈ ಕಟ್ಟೆ ಯಾರದು? ಈ ನೆಲ ಯಾರದು? ಈ ಬೆವರು ಯಾರದು?”

ಕೇಳಿ ಸುಮ್ಮನಾದರು. ಆಗ ಮುದುಕ ಮಾಸ್ತಿ ಕೂತಲ್ಲಿಂದ ಎದ್ದು, “ನಂದು ಒಡ್ಯಾ. ಮಾಸ್ತಿ. ಬಾಗಿಲಿಂದ ಹನ್ನೆರಡು ಮಾರು,” ಎಂದು ಕೂಗಿಬಿಟ್ಟ.

ಅದರಲ್ಲಿ ಮಾಸ್ತಿಯ ತಪ್ಪೇನೂ ಇರಲಿಲ್ಲ. ಅಮಾವಾಸ್ಯೆ, ಹುಣ್ಣಿಮೆಗೆ ಹೊಳೆಯ ನೀರು ಉಬ್ಬಿ ಬಂದಾಗ ನಮ್ಮಲ್ಲಿ ಮನೆಗೊಬ್ಬರು ತಮ್ಮ ಪಾಲಿನ ಕಟ್ಟೆಯ ಮೇಲೆ ಗುದ್ದಲಿ ಹಿಡಿದು ನಿಲ್ಲಬೇಕು. ನೀರು ಬಿಡುವ ಬಾಗಿಲಿನ ಹತ್ತಿರ ನಿಂತವನು ‘ಯಾರ ಪಾಲು?’ ಎಂದು ಕೂಗುತ್ತಾನೆ. ಒಬ್ಬೊಬ್ಬರೇ ಹೆಸರು ಹೇಳಿ ತಮ್ಮ ಮಾರು ಹೇಳಬೇಕು. ಎಲ್ಲಿ ಉತ್ತರ ಬರಲಿಲ್ಲವೋ ಅಲ್ಲಿ ಜನ ಇಲ್ಲ, ಕಟ್ಟೆ ಒಡೆಯುತ್ತದೆ, ಇಡೀ ಕೇರಿಯ ಅನ್ನ ಉಪ್ಪಾಗುತ್ತದೆ. ಕೂಗಿಗೆ ಓಗೊಡದವನಿಗೆ ನಮ್ಮಲ್ಲಿ ಹೆಣ್ಣು ಕೊಡುವುದಿಲ್ಲ. ಗಟ್ಟಿಯಾಗಿ ‘ಯಾರದು’ ಎಂದು ಕೇಳಿದ ಮೇಲೆ ಸುಮ್ಮನಿರುವುದು ಮಾಸ್ತಿಯ ಕೈಯಲ್ಲಿ ಆಗುವ ಮಾತೇ ಅಲ್ಲ.

“ಸೂಳೆಮಗನೆ, ನಿಂಗ್ಯಾರು ಬಾಯಿ ತೆಗೀ ಅಂದ್ರು?” ಕಾರಕೂನ ಒಂದು ಹೆಂಟೆ ಎತ್ತಿ ಬೀಸಿದ. ಮಾಸ್ತಿಯ ಮೊಣಕಾಲಿಗೆ ಬಿತ್ತು.

ಹೆಗಡೆಯವರು ಕೋಪಿಸಿಕೊಳ್ಳಲಿಲ್ಲ. ವಿದ್ಯೆ ಹೇಳಿಕೊಡುವವರ ಹಾಗೆ ನಕ್ಕರು. “ಮಾಸ್ತಿ, ಭಾಷಣದಲ್ಲಿ ಪ್ರಶ್ನೆ ಕೇಳೂದು ಉತ್ತರಕ್ಕಲ್ಲ ಮಾರಾಯಾ. ಕೇಳಿ ಸುಮ್ನಾದ್ರೆ ಜನರ ಎದೆ ಬಡ್ಕಳ್ತದೆ. ಆಗ ಉತ್ತರ ನಾನೇ ಹೇಳ್ತೇನೆ. ಒಂದ್ಸಲ ಹೇಳಿದ್ದು ಸುದ್ದಿ, ಮೂರು ಸಲ ಹೇಳಿದ್ದು ಸತ್ಯ. ತಿಳೀತಾ?”

“ತಿಳೀತು ಒಡ್ಯಾ,” ಅಂದ ಮಾಸ್ತಿ, ಮೊಣಕಾಲು ಉಜ್ಜಿಕೊಳ್ಳುತ್ತ. ಮೂರು ಸಲ ಹೇಳಲಿಲ್ಲ.

ಮರುದಿನ ಶಾಲೆಯ ಬಯಲಿನಲ್ಲಿ ಚಪ್ಪರ, ಮಾವಿನ ತೋರಣ, ಕುಮಟೆಯಿಂದ ಬಾಡಿಗೆಗೆ ತಂದ ಮೈಕು. ವೇದಿಕೆಯ ಮೇಲೆ ಪ್ರಾಂತ ಸಾಹೇಬರು. ಕುರ್ಚಿಗಳಲ್ಲಿ ಪೇಟೆಯ ಮಹನೀಯರು, ಚಾಪೆಯ ಮೇಲೆ ಊರಿನ ಉಳಿದವರು. ಚಾಪೆ ಮುಗಿದಲ್ಲಿ ಒಂದು ಹಗ್ಗ ಕಟ್ಟಿದ್ದರು. ಹಗ್ಗದ ಆಚೆ ಬರೀ ನೆಲದಲ್ಲಿ ನಾವು.

ಹೆಗಡೆಯವರು ಹಳೇ ಪಂಜೆ ಉಟ್ಟು ಬಂದರು. ಎದ್ದು ನಿಂತು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಜನ ಕೆಮ್ಮು ನಿಲ್ಲಿಸಿದರು. ಕೂಸುಗಳೂ ಸುಮ್ಮನಾದವು. ಆಗ ಮೆಲ್ಲಗೆ, ಕಿವಿಯಲ್ಲಿ ಹೇಳುವ ಹಾಗೆ ಅಂದರು: “ಬಂಧುಗಳೇ.” ಮೊದಲು ಕುರ್ಚಿಗಳ ಕಡೆ, ಆಮೇಲೆ ಚಾಪೆಯ ಕಡೆ, ಕೊನೆಗೆ ಹಗ್ಗದ ಆಚೆ ನಮ್ಮನ್ನು ನೋಡಿ ಮತ್ತೆ ಎರಡು ಸಲ ಅದನ್ನೇ ಅಂದರು.

ಹಿತ್ತಾಳೆಯ ತಟ್ಟೆಯಲ್ಲಿ ಮಣ್ಣು ತರಿಸಿದರು. ಒಂದು ಹಿಡಿ ಎತ್ತಿ ಹಣೆಗೆ ಹಚ್ಚಿಕೊಂಡು, “ಇದು ನಮ್ಮ ಗಜನಿಯ ಮಣ್ಣು, ನಮ್ಮೆಲ್ಲರ ತಾಯಿ,” ಅಂದರು. ಗಜನಿಯ ಮಣ್ಣು ಕಪ್ಪು, ಮೂಗಿನ ಹತ್ತಿರ ತರಲಾಗದಷ್ಟು ನಾತ. ತಟ್ಟೆಯಲ್ಲಿದ್ದದ್ದು ತೋಟದ ಕೆಂಪು ಮಣ್ಣು, ಅದನ್ನೂ ಜರಡಿ ಹಿಡಿದಿದ್ದರು. ಬಂಗಾರತ್ತೆ ನನ್ನ ಬೆನ್ನಿಗೆ ತಿವಿದು, “ಒಡೇರ ತಾಯಿ ಬೇರೆ ಮಾರಾಯಾ,” ಅಂದಳು.

ಪ್ರಾಂತ ಸಾಹೇಬರಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು. ಅವರು ತಲೆದೂಗುತ್ತಿದ್ದರು.

“ನನ್ನ ತಟ್ಟೆಯಲ್ಲಿ ಅನ್ನವಿದ್ದು ಮಾಸ್ತಿಯ ತಟ್ಟೆಯಲ್ಲಿ ಇಲ್ಲದಿದ್ದರೆ ಆ ಅನ್ನ ನನಗೆ ವಿಷ. ಅಲ್ಲಿ ಕೂತ ದೇವಿಯ ಮಗು ಅತ್ತರೆ ಆ ಅಳು ನನ್ನ ಮನೆಯ ಅಳು. ಮೇಲು ಯಾರು, ಕೀಳು ಯಾರು? ನಾವು ಒಂದೇ ತಾಯಿಯ ಮಕ್ಕಳು. ಒಂದೇ ತಾಯಿಯ ಮಕ್ಕಳು. ಒಂದೇ ತಾಯಿಯ ಮಕ್ಕಳು.” ಎಡಗೈ ಎದೆಯ ಮೇಲೆ ಹೋಯಿತು.

ನಿಜ ಹೇಳಬೇಕು. ಆ ಕೈ ಎದೆಗೆ ಹೋಗುವ ಮೊದಲೇ ನನಗೆ ಅಳು ಬಂದಿತ್ತು. ಎಲ್ಲ ಆಟವನ್ನೂ ಗೊಬ್ಬರದ ಗುಂಡಿಯ ಪಕ್ಕ ಕೂತು ಕಲಿತವನು ನಾನು. ಆದರೂ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡೆ. ಮಾಸ್ತಿ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಅವನ ಹೆಸರನ್ನು ಅಷ್ಟು ದೊಡ್ಡ ಜನರ ಮುಂದೆ ಬೈಗುಳವಿಲ್ಲದೆ ಯಾರೂ ಕರೆದಿರಲಿಲ್ಲ. ಆ ಅಳುವಿಗಾಗಿ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮಾತು ಏರಿತು. ಹೆಗಡೆಯವರು ಮೈಮರೆತು ಬಾನು ಮುಟ್ಟುವ ದನಿಯಲ್ಲಿ ಕೇಳಿದರು: “ಈ ಕಟ್ಟೆ ಯಾರದು? ಈ ನೆಲ ಯಾರದು? ಈ ಬೆವರು ಯಾರದು?”

ಮಾಸ್ತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ತಡೆಯಲಿಕ್ಕಾಗಲಿಲ್ಲ.

“ನಂದು ಒಡ್ಯಾ. ಮಾಸ್ತಿ. ಬಾಗಿಲಿಂದ ಹನ್ನೆರಡು ಮಾರು.”

ಒಬ್ಬ ಕೂಗಿದ ಮೇಲೆ ಪಕ್ಕದವರು ಸುಮ್ಮನಿರುವ ಪದ್ಧತಿಯಿಲ್ಲ. “ದೇವಿ. ಅದ್ರಾಚೆ ಎಂಟು ಮಾರು.” “ಮಂಜಿ. ಏಳು ಮಾರು, ತಿರುವಿನ ತಂಕ.” “ಬಂಗಾರಿ. ತಿರುವಿಂದ ಹತ್ತು ಮಾರು.” ಮೂವತ್ತು ಮನೆ, ಕಟ್ಟೆಯ ಈ ತುದಿಯಿಂದ ಆ ತುದಿಯವರೆಗೆ, ಒಂದೂ ತಪ್ಪಲಿಲ್ಲ. ಪ್ರಾಂತ ಸಾಹೇಬರು ಮುಂದಕ್ಕೆ ಬಾಗಿ, “ಇದೇನ್ರಿ ಹೆಗಡೇರೆ, ಇವರೆಲ್ಲ ಪಾಲು ಹೇಳ್ತಿದ್ದಾರಲ್ಲ?” ಅಂದರು.

ಕಾರಕೂನನ ಮುಖ ಬಿಳಿಚಿಕೊಂಡಿತು. ಹೆಗಡೆಯವರು ಒಂದು ಉಸಿರು ತೆಗೆದುಕೊಂಡರು, ಅಷ್ಟೆ. ಕಣ್ಣಲ್ಲಿ ನೀರು ತಂದುಕೊಂಡು ಅಂದರು: “ಕೇಳಿದಿರಾ ಸಾಹೇಬರೇ? ನಾನು ಕೂಲಿ ಕೊಟ್ಟು ಕಟ್ಟಿಸಿದ ಕಟ್ಟೆಯನ್ನು ಇವರು ತಮ್ಮದು ಎನ್ನುತ್ತಾರೆ. ಇದಕ್ಕಿಂತ ದೊಡ್ಡ ಪ್ರೀತಿ ಉಂಟೇ? ಇದಕ್ಕಿಂತ ದೊಡ್ಡ ನಂಬಿಕೆ ಉಂಟೇ? ಇದಕ್ಕಿಂತ ದೊಡ್ಡ ಸಂಸಾರ ಉಂಟೇ?” ಬಲಗೈ ಮೇಲೆದ್ದಿತು. ಕುರ್ಚಿಗಳು ಚಪ್ಪಾಳೆ ತಟ್ಟಿದವು. ಚಾಪೆ ತಟ್ಟಿತು. ನಾವೂ ತಟ್ಟಿದೆವು. ಮೂವತ್ತು ಮನೆಯವರು ಹೇಳಿದ ನಿಜವನ್ನು ಅವರು ಒಂದೇ ತುತ್ತಿಗೆ ನುಂಗಿ ನೀರು ಕುಡಿದರು. ಅದಕ್ಕೆ ಚಪ್ಪಾಳೆಯೂ ನಮ್ಮದೇ.

ಆಗಲೇ ವೇದಿಕೆಯ ಕೆಳಗೆ ಸ್ಟೂಲಿನ ಮೇಲೆ ಮಸಿಯ ಡಬ್ಬಿ ಬಂತು, ಕಾಗದ ಬಂತು. ಮಾಸ್ತಿ ಕಣ್ಣೊರೆಸಿಕೊಳ್ಳುತ್ತ ಮೊದಲು ಹೋಗಿ ಹೆಬ್ಬೆಟ್ಟು ಒತ್ತಿದ. ಒತ್ತಿಸುವವರು ಯಾರೂ ಅವನ ಕೈ ಹಿಡಿಯಲಿಲ್ಲ, ಮಾರು ದೂರ ನಿಂತು ತೋರಿಸಿದರು.

“ಓದಿ ಹೇಳಿದ್ದೀರೋ ಇವರಿಗೆ?” ಅಂದರು ಪ್ರಾಂತ ಸಾಹೇಬರು. ಕಾಯ್ದೆಗೆ ಬೇಕಾದ ಮಾತು, ಗಡಿಯಾರ ನೋಡುತ್ತಲೇ ಕೇಳಿದರು.

“ಇವರಲ್ಲೇ ಓದಿದವನಿದ್ದಾನೆ. ದುರ್ಗಪ್ಪ, ಬಾ ಮಗಾ,” ಅಂದರು ಹೆಗಡೆಯವರು.

ಕಾರಕೂನ ಕಾಗದವನ್ನು ನೆಲದ ಮೇಲಿಟ್ಟ. ನಾನು ಎತ್ತಿಕೊಂಡೆ. “ಸೊಸೈಟಿ ಅರ್ಜಿ ಅನ್ನು, ಸಾಕು. ನೌಕರಿ ನೆನಪಿಟ್ಕ, ಆತಾ?” ಎಂದು ಹಲ್ಲಿನ ಸಂದಿಯಲ್ಲಿ ಹೇಳಿದ. ನೌಕರಿ ನೆನಪಿತ್ತು. ಖಾಕಿ ಅಂಗಿ, ತಿಂಗಳ ಸಂಬಳ, ಅತ್ತೆಗೊಂದು ಸೀರೆ, ಎಲ್ಲ ನೆನಪಿತ್ತು. ಆದರೆ ಕಾಗದ ಕೈಗೆ ಬಂದ ಮೇಲೆ ಕಣ್ಣು ಅಕ್ಷರದ ಮೇಲೆ ಹೋಯಿತು. ಶಾಲೆಯಲ್ಲಿ ಓದುತ್ತಿದ್ದ ಹಾಗೆ ತಡವರಿಸುತ್ತ, ದನಿ ಏರಿಸದೆ ಇಳಿಸದೆ, ವೇದಿಕೆಯ ಅಂಚಿನಿಂದ ಕೆಳಕ್ಕೆ ಬಗ್ಗಿಸಿದ ಮೈಕಿನಲ್ಲಿ ಓದಿದೆ.

“ಕೆಳಗೆ ಹೆಬ್ಬೆಟ್ಟು ಒತ್ತಿದ ನಾವು ಹೆಗಡೆಯವರ ದಿನಗೂಲಿಗಳು. ಗಜನಿಯನ್ನು ಎಂದೂ ಗೇಣಿಗೆ ಮಾಡಿದವರಲ್ಲ. ಈ ನೆಲದ ಮೇಲೆ ನಮಗಾಗಲಿ ನಮ್ಮ ಮಕ್ಕಳಿಗಾಗಲಿ ಯಾವ ಹಕ್ಕೂ ಇರುವುದಿಲ್ಲ.”

ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮಾಸ್ತಿ ತನ್ನ ಕಪ್ಪು ಹೆಬ್ಬೆಟ್ಟು ನೋಡಿಕೊಂಡ. “ಒಡ್ಯಾ, ನಂದು ತಿರ್ಗಿ ಕೊಡಿ.”

“ಒತ್ತಿದ್ದು ಒತ್ತಿದ್ದೇ,” ಅಂದರು ಸಾಹೇಬರು.

ಹೆಗಡೆಯವರು ಮತ್ತೆ ಮೈಕಿಗೆ ಬಂದರು. “ಬಂಧುಗಳೇ, ಕಾಗದದ ಭಾಷೆ ಒರಟು, ಹೃದಯದ ಭಾಷೆ ಬೇರೆ.” ಅದೇ ಜೇನು, ಅದೇ ಮೆಲುದನಿ. ಹಗ್ಗದ ಆಚೆ ಮುಂದಿನ ಸಾಲಿನಲ್ಲಿದ್ದ ದೇವಿಯ ಬಿಗಿದ ಮುಖ ಸಡಿಲವಾಗುವುದು ನನಗೆ ಕಂಡಿತು. ಇನ್ನು ಗಳಿಗೆ ಹೊತ್ತು ಮಾತಾಡಲು ಬಿಟ್ಟರೆ ಗೆದ್ದುಬಿಡುತ್ತಾರೆ ಎಂದು ನನಗೆ ಹೆದರಿಕೆಯಾಯಿತು.

ಬಂಗಾರತ್ತೆ ಎದ್ದಳು. ಹಗ್ಗ ದಾಟಿದಳು. ಚಾಪೆಯವರು ಮೈ ತಾಗದ ಹಾಗೆ ಸರಿದು ದಾರಿ ಬಿಟ್ಟರು. ಹೆಬ್ಬೆಟ್ಟಿಗೆ ಬಂದಳೆಂದು ಹೆಗಡೆಯವರು ಕೈ ಚಾಚಿ ಸ್ವಾಗತಿಸಿದರು. “ಕೊಡಿಲ್ಲಿ ತಮಾ,” ಎಂದು ಅವಳು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, “ಒಡೇರು ಚೊಲೋ ಮಾತಾಡ್ರು. ನಂಗೂ ಅಳು ಬಂತು. ಹೆಬ್ಬೆಟ್ಟು ಮಾತ್ರ ಬರ್ಲಿಲ್ಲ,” ಅಂದಳು. ಕಾಗದವನ್ನು ಕವಳದ ಎಲೆ ಮಡಿಸುವ ಹಾಗೆ ನಾಲ್ಕು ಮಡಿಕೆ ಮಾಡಿ ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು.

“ಹಿಡೀರೋ ಆ ರಂಡೆಯ. ಬಾಯಿಂದ ತೆಗೀರೋ.” ಮೈಕು ಹೆಗಡೆಯವರ ಬಾಯೆದುರಿಗೇ ಇತ್ತು. ಬಯಲಿಗೆಲ್ಲ ಕೇಳಿಸಿತು.

ಕಾರಕೂನ ಎರಡು ಹೆಜ್ಜೆ ಓಡಿ ಬಂದು ತೋಳಳತೆಯಲ್ಲಿ ನಿಂತ. ತನ್ನ ಬೆರಳುಗಳನ್ನು ನೋಡಿಕೊಂಡ. ಸಾಹೇಬರ ಜವಾನ ಸಾಹೇಬರ ಮುಖ ನೋಡಿದ. ಸಾಹೇಬರು ತೋರಣ ನೋಡಿದರು. ಕುರ್ಚಿಯ ಮಹನೀಯರಲ್ಲಿ ಒಬ್ಬರೂ ಅಲುಗಲಿಲ್ಲ. ಮುಕ್ರಿ ಮುದುಕಿಯ ಬಾಯಿಗೆ ಬೆರಳು ಹಾಕುವವರು ಅಷ್ಟು ಜನರಲ್ಲಿ ಯಾರೂ ಇರಲಿಲ್ಲ.

ಕೊನೆಗೆ ಹೆಗಡೆಯವರೇ ವೇದಿಕೆ ಇಳಿದು ಬಂದರು. ಕೈ ಮುಂದೆ ಬಂತು. ಅವಳ ಗದ್ದಕ್ಕೆ ಒಂದು ಗೇಣಿರುವಾಗ ನಿಂತಿತು.

ಬಂಗಾರತ್ತೆ ಬಾಯಿ ಅಗಲಿಸಿ ತೆರೆದಳು. ನಾಲಗೆಯ ಮೇಲೆ ಒದ್ದೆಯಾದ ಬಿಳಿ ಉಂಡೆ ಕಾಣುತ್ತಿತ್ತು. ಅದನ್ನು ದವಡೆಗೆ ಸರಿಸಿಕೊಂಡು ಹೇಳಿದಳು: “ತಕಣಿ ಒಡ್ಯಾ. ಒಂದೇ ತಾಯಿ ಮಕ್ಕಳಲ್ದಾ. ಬೆರಳು ಹಾಕಿ ತಕಣಿ.”

ಮತ್ತೆ ಬಾಯಿ ತೆರೆದು ಕಾದಳು. ಹೆಗಡೆಯವರ ಕೈ ಆ ಒಂದು ಗೇಣನ್ನು ದಾಟಲಿಲ್ಲ. ಅವಳು ಬಾಯಿ ಮುಚ್ಚಿ ನುಂಗಿದಳು.