ಕೆಂಡಕ್ಕೂ ನಿಂಬೆಗೂ ನಡುವೆ

ಅಪ್ಪ ತೀರಿಕೊಂಡ ಮೇಲೆ ಅಂಗಡಿಯ ಬಾಗಿಲು ಮೊದಲ ಸಲ ತೆರೆಯಬೇಕಾಗಿದ್ದದ್ದು ಆ ಸಂಜೆ. ತೆರೆಯೋಣ ಎಂದವಳು ಮಗಳು. ಅಮ್ಮ ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಬೆಳಿಗ್ಗೆ ಲೋಟ ತೊಳೆಯುತ್ತ, ನಲ್ಲಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ಇದೊಂದು ಸಂಜೆ ನೋಡೋಣ. ಸರಿ ಬರ್ಲಿಲ್ಲ ಅಂದ್ರೆ ಇನ್ನೊಂದ್ಸಲ ನನ್ನ ಕೇಳಬಾರದು."

ಮಗಳಿಗೆ ಅಂಗಡಿಗಿಂತ ಅಮ್ಮನ ಚಿಂತೆಯೇ ಹೆಚ್ಚಾಗಿತ್ತು. ಇಷ್ಟು ದಿನ ಅಮ್ಮ ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ ಕಾಲ ಕಳೆದಿದ್ದಳು. ಊಟ ಶಾಸ್ತ್ರಕ್ಕೆ ಎರಡು ತುತ್ತು. ಮಾತು ಅದಕ್ಕಿಂತ ಕಡಿಮೆ. ಈ ಸಂಜೆ ಕೈಕೊಟ್ಟರೆ ಆ ಸ್ಟೂಲಿನಿಂದ ಅವಳನ್ನು ಎಬ್ಬಿಸುವ ಬೇರೆ ದಾರಿ ಮಗಳಿಗೆ ಹೊಳೆದಿರಲಿಲ್ಲ.

ಕೆಂಡದ ಮೇಲೆ ಮಾಂಸ ಸುಡುವ ಸಣ್ಣ ಅಂಗಡಿ ಅದು. ಮುಂದೆ ಮೇಜುಗಳಿರುವ ಕೋಣೆ, ಹಿಂದೆ ಅಡುಗೆಮನೆ, ಅಡುಗೆಮನೆಯ ಪಕ್ಕಕ್ಕೆ ಗೋಡೆಯಾಚೆ ತೆರೆದ ಅಂಗಳ. ಅಂಗಳದಲ್ಲಿ ಅಪ್ಪನ ಒಲೆ. ಅಡುಗೆಮನೆಗೂ ಅಂಗಳಕ್ಕೂ ನೇರ ಬಾಗಿಲಿರಲಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಮುಂದಿನ ಕೋಣೆಯನ್ನು ಬಳಸಿ ಬರಬೇಕು. ಅಂಗಳದಲ್ಲಿ ಗೋಡೆಯುದ್ದಕ್ಕೂ ಬಂದ ಒಂದು ಕಬ್ಬಿಣದ ಪೈಪು ಒಲೆಯ ಪಕ್ಕದಲ್ಲಿ ಗೋಡೆಯೊಳಗೆ ನುಗ್ಗಿ, ಒಳಗಡೆ ಅಮ್ಮನ ನಲ್ಲಿಯಾಗಿ ಕೊನೆಗೊಳ್ಳುತ್ತಿತ್ತು.

ಮಧ್ಯಾಹ್ನದ ಮುಂಚೆ ಸೋದರಮಾವ ಬಂದ. ಬಸ್ ಡ್ರೈವರ್, ಆ ದಿನ ರಜೆ ಹಾಕಿದ್ದ. ಒಂದು ಕೈಯಲ್ಲಿ ಕಿತ್ತಳೆ, ಇನ್ನೊಂದರಲ್ಲಿ ನಿಂಬೆಯ ಚೀಲ.

"ಏನಮ್ಮ ಸೈಂಟಿಸ್ಟು, ಲ್ಯಾಬಿಗೆ ಚಕ್ಕರ್ ಹೊಡೆದ್ಯಾ? ಊರಿನ ನೀರಿನ ಗತಿ ಏನು?"

ಮಗಳು ಕುಡಿಯುವ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. "ನೀರು ಒಂದು ದಿನ ಕಾಯುತ್ತೆ ಮಾವ."

"ಕಾಯದೆ ಏನು ಮಾಡುತ್ತೆ. ನೀರನ್ನ ನೋಡಿ ಇದು ನೀರೇ ಅಂತ ಸೀಲು ಹಾಕೋ ಕೆಲಸ, ಅದಕ್ಕೊಂದು ಬಿಳಿ ಕೋಟು ಬೇರೆ." ಅಕ್ಕ ನಗುತ್ತಾಳೇನೋ ಎಂದು ಓರೆಗಣ್ಣಲ್ಲಿ ನೋಡಿದ. ಅಕ್ಕ ಕಿತ್ತಳೆಗಳನ್ನು ಒಂದೊಂದಾಗಿ ಮೂಸಿ ನೋಡುತ್ತಿದ್ದಳು.

ಆಮೇಲೆ ಅಮ್ಮ ಕೆಲಸಕ್ಕೆ ಕೂತಳು. ಮಗಳು ಪಕ್ಕದಲ್ಲೇ ನಿಂತು ನೋಡಿದಳು. ಕೊತ್ತಂಬರಿಯ ಎಲೆಗಿಂತ ದಂಟಿನಲ್ಲೇ ಪರಿಮಳ ಎಂದು ಅಮ್ಮ ದಂಟನ್ನು ಬಿಸಾಡುತ್ತಿರಲಿಲ್ಲ. ದಂಟು, ಪುದೀನ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒರಳಿಗೆ ಬಿದ್ದವು. ತೀರಾ ನುಣ್ಣಗಾಗದಂತೆ ಅರೆದು, ಕರಿಮೆಣಸು ಕುಟ್ಟಿ ಹಾಕಿ, ಎಣ್ಣೆ ಬೆರೆಸಿದಳು. ಕಿತ್ತಳೆಯ ಸಿಪ್ಪೆಯನ್ನು ಮೇಲುಮೇಲಕ್ಕೆ ತುರಿದಳು. ಒಳಗಿನ ಬಿಳಿ ಪದರ ಬಂದರೆ ಕಹಿ. ಉಪ್ಪು ಸವರಿಟ್ಟಿದ್ದ ಕೋಳಿಯ ತೊಡೆಗಳಿಗೆ ಆ ಹಸಿರು ಮಸಾಲೆ ಹಚ್ಚಿ ಎರಡು ತಟ್ಟೆಗಳಲ್ಲಿ ಜೋಡಿಸಿದಳು. ನಿಂಬೆಗಳನ್ನು ಮಾತ್ರ ಮುಟ್ಟಲಿಲ್ಲ. ಅವು ಚಾಕುವಿನ ಪಕ್ಕದ ಬಟ್ಟಲಲ್ಲೇ ಉಳಿದವು.

ಹುಳಿ ಕೊನೆಗೆ ಎಂಬುದು ಮಗಳಿಗೆ ಚಿಕ್ಕಂದಿನಿಂದ ಗೊತ್ತು. ಏಕೆ ಎಂಬುದು ಕಾಲೇಜಿಗೆ ಹೋದ ಮೇಲೆ ಗೊತ್ತಾಗಿತ್ತು. ಆಮ್ಲ ತಗುಲಿದರೆ ಬೆಂಕಿಯಿಲ್ಲದೆಯೂ ಮಾಂಸದ ಮೇಲ್ಮೈ ಬೆಂದಂತಾಗುತ್ತದೆ. ಸ್ವಲ್ಪ ಹೊತ್ತಾದರೆ ಒಳ್ಳೆಯದು, ಹೆಚ್ಚಾದರೆ ನಾರು ನೀರು ಬಿಟ್ಟು, ಬಿಳಿಚಿಕೊಂಡು, ಸುಟ್ಟಾಗ ಸೀಮೆಸುಣ್ಣದಂತಾಗುತ್ತದೆ.

ಸಂಜೆ ಅವಳು ಅಂಗಳದಲ್ಲಿ ಇದ್ದಿಲು ಹೊತ್ತಿಸಿದಳು. ಅಪ್ಪನ ಇಕ್ಕಳ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಹೊಗೆ ಕಣ್ಣಿಗೆ ನುಗ್ಗಿತು, ಬೀಸಿ ಬೀಸಿ ತೋಳು ಸೋತುಹೋಯಿತು. ಆದರೂ ಕೆಂಡ ಹಿಡಿಯಿತು. ಜ್ವಾಲೆ ತಗ್ಗಿ, ಕೆಂಪಿನ ಮೇಲೆ ಬೂದಿಯ ತೆಳುವಾದ ಪದರ ಕೂತಿತು. ಅವಳು ಜಾಲರಿ ಇಟ್ಟು, ಎಣ್ಣೆ ಸವರಿ, ಕಾದಳು.

ತಟ್ಟೆ ಬರಲಿಲ್ಲ.

ಅಪ್ಪನ ಕಾಲದಲ್ಲಿ ತಟ್ಟೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಅಪ್ಪ ಕೂಗಿ ಕರೆದದ್ದನ್ನು ಅವಳು ಕೇಳಿಯೇ ಇರಲಿಲ್ಲ. ಹೋಗಿ ಕೇಳಲೇ ಎಂದು ಒಂದು ಹೆಜ್ಜೆ ಇಟ್ಟಳು. ಅಮ್ಮನಿಗೆ ಕೈಯೇ ಬರುತ್ತಿಲ್ಲವೇನೋ, ನಿಂಬೆ ಹಿಡಿದು ಅಳುತ್ತಿದ್ದರೆ ಹೋಗಿ ಅವಸರ ಮಾಡಿದಂತಾಗುತ್ತದೆ ಎನಿಸಿತು. ಸಾವಕಾಶವಾಗಿ ಬರಲಿ ಎಂದು ಅಲ್ಲೇ ನಿಂತಳು. ಬೂದಿ ದಪ್ಪಗಾಯಿತು.

ಗೋಡೆಯಾಚೆ ಅಡುಗೆಮನೆಯಲ್ಲಿ ಅಮ್ಮ ಅಳುತ್ತಿರಲಿಲ್ಲ. ಒಂದು ನಿಂಬೆಯನ್ನು ಅಂಗೈಯಡಿ ಉರುಳಿಸಿ ಮೆತ್ತಗೆ ಮಾಡಿಟ್ಟು, ನಲ್ಲಿಯ ಎದುರು ನಿಂತಿದ್ದಳು. ಹುಡುಗಿಗೆ ಕೆಂಡ ಹಿಡಿಯಲಿಲ್ಲ, ಪಾಪ, ಹೇಳಲು ನಾಚಿಕೆ. ಆಚೆ ಹೋಗಿ ನಿಂತರೆ ಮುಖ ಸಣ್ಣದು ಮಾಡಿಕೊಳ್ಳುತ್ತಾಳೆ ಎಂದುಕೊಂಡು ಅವಳೂ ಕಾಯುತ್ತಿದ್ದಳು.

ಇಬ್ಬರ ನಡುವೆ ಓಡಾಡುತ್ತಿದ್ದವನು ಮಾವನೊಬ್ಬನೇ. ಮುಂದಿನ ಕೋಣೆಯಲ್ಲಿ ಗಿರಾಕಿಗಳು ಕೂತಾಗಿತ್ತು. ಅಂಗಳಕ್ಕೆ ಇಣುಕಿದರೆ ಅಕ್ಕನ ಮಗಳು ಖಾಲಿ ಜಾಲರಿಯ ಮುಂದೆ ನಿಂತಿದ್ದಾಳೆ, ಅಡುಗೆಮನೆಗೆ ಬಂದರೆ ಅಕ್ಕ ನಲ್ಲಿಯನ್ನು ನೋಡುತ್ತ ನಿಂತಿದ್ದಾಳೆ. ಅವನು ಚಾಕು ಎತ್ತಿಕೊಂಡ.

"ಅಕ್ಕ, ನೀನು ಕೂತ್ಕೋ. ಇಷ್ಟು ದೊಡ್ಡ ಬಸ್ಸು ತಿರುಗಿಸ್ತೀನಿ, ಒಂದು ನಿಂಬೆಹಣ್ಣು ಹಿಂಡೋಕೆ ಬರಲ್ವಾ ನಂಗೆ?"

"ಬೇಡ ಕಣೋ, ತಡಿ—" ಎನ್ನುವಷ್ಟರಲ್ಲಿ ಅವನು ಬಟ್ಟಲಿನ ಅರ್ಧ ನಿಂಬೆಗಳನ್ನು ಕೊಯ್ದು ಮೊದಲ ತಟ್ಟೆಯ ಮೇಲೆ ಬೀಜ ಸಮೇತ ಹಿಂಡಿಬಿಟ್ಟಿದ್ದ. ತಟ್ಟೆ ಹೊತ್ತುಕೊಂಡು ಅಂಗಳಕ್ಕೆ ಬಂದಾಗ ಕೆಂಡ ಪೂರ್ತಿ ಮಂಕಾಗಿತ್ತು. ಮಗಳು ಹೊಸ ಇದ್ದಿಲು ಸುರಿದು ಬೀಸತೊಡಗಿದಳು. ಅದು ಮತ್ತೆ ಹಿಡಿಯುವವರೆಗೆ ತಟ್ಟೆ ಪಕ್ಕದ ಕಲ್ಲಿನ ಮೇಲೆ ಕೂತಿತ್ತು. ಅವಳು ನೋಡುತ್ತಿದ್ದಂತೆ ಮಾಂಸದ ಗುಲಾಬಿ ಬಣ್ಣ ಅಂಚಿನಿಂದ ಬಿಳಿಗೆ ತಿರುಗಿತು. ಯಾವ ಪುಸ್ತಕದಲ್ಲಿ, ಯಾವ ಪುಟದಲ್ಲಿ ಅದನ್ನು ಓದಿದ್ದಳೆಂಬುದೂ ನೆನಪಿಗೆ ಬಂತು. ಏನೂ ಪ್ರಯೋಜನವಾಗಲಿಲ್ಲ.

ಸುಟ್ಟ ತುಂಡುಗಳನ್ನು ಮುಂದಿನ ಕೋಣೆಗೆ ತಂದು, ಮೊದಲನೆಯದನ್ನು ಮಾವ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ. "ಚೆನ್ನಾಗೇ ಇದೆ," ಎಂದ. "ಹಲ್ಲಿರೋರಿಗೆ."

ಅಮ್ಮ ಮುಂದಿನ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು. ಒಂದು ತುಂಡು ಮುರಿದು, ಒಳಗಿನ ಒಣ ನಾರನ್ನು ನೋಡಿ ತಟ್ಟೆಗೆ ಹಾಕಿದಳು. ತಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬಂದೋರಿಗೆಲ್ಲ ಹೇಳಿಬಿಡು. ಬಾಗಿಲು ಹಾಕೋಣ," ಎಂದಳು ಮಗಳಿಗೆ.

ಆ ಹೊತ್ತಿಗೆ ಎದುರು ಅಂಗಡಿಯ ದರ್ಜಿ ಕೊರಳಿಗೆ ಟೇಪು ನೇತುಹಾಕಿಕೊಂಡೇ ಒಳಗೆ ಬಂದರು. ಅಪ್ಪನಿಗಿಂತ ಹಿರಿಯರು, ಅಂಗಡಿ ಶುರುವಾದಾಗಿನಿಂದ ಮೂಲೆಯ ಮೇಜಿನವರು.

"ಏನ್ ತಾಯಿ, ಬಾಗಿಲು ತೆಗೆದಿದ್ದೀರಿ, ಸದ್ದೇ ಇಲ್ಲ! ಹೊಗೆ ಕಂಡಿತ್ತು, ಸದ್ದು ಬರಲಿ ಅಂತ ಕಾಯ್ತಾ ಕಾಯ್ತಾ ಒಂದು ಪ್ಯಾಂಟೇ ಹೊಲಿದು ಮುಗಿಸ್ದೆ."

"ಯಾವ ಸದ್ದು?" ಎಂದಳು ಮಗಳು.

"ಅದೇ ಮಗಳೇ, ನಿಮ್ಮಪ್ಪ ಪೈಪಿಗೆ ಇಕ್ಕಳದಲ್ಲಿ ಬಡೀತಿದ್ನಲ್ಲ. ಅದು ಕೇಳಿದ್ಮೇಲೇ ನಾನು ಮಿಷನ್ ನಿಲ್ಲಿಸ್ತಿದ್ದದ್ದು. ಕೈ ತೊಳೆದು ಬಂದು ಕೂರೋ ಹೊತ್ತಿಗೆ ತಟ್ಟೆ ಬರ್ತಿತ್ತು."

ಮಗಳು ಅಮ್ಮನ ಕಡೆ ತಿರುಗಿದಳು. "ಅದು ಇಕ್ಕಳದ ಬೂದಿ ಉದುರಿಸೋದಲ್ವಾ?"

"ಬೂದಿನಾ?" ಅಮ್ಮನ ಹುಬ್ಬು ಮೇಲೇರಿತು. "ನಲ್ಲಿ ಟಣ್ ಅಂದ್ರೆ ನಾನು ಹಿಂಡ್ಬೇಕು. ಅವರು ಬಡಿಯೋವರೆಗೂ ನಾನು ಚಾಕು ಮುಟ್ಟಿದವಳೇ ಅಲ್ಲ. ನಿಂಗೆ ಗೊತ್ತಿರ್ಲಿಲ್ವೇನೇ?"

"ನೀನು ಹೇಳಿದ್ರೆ ತಾನೇ!"

"ಹೇಳೋದೇನಿದೆ ಅದ್ರಲ್ಲಿ? ದಿನಾ ಕೇಳಿಸ್ತಿತ್ತಲ್ಲ."

ಹೌದು, ದಿನಾ ಕೇಳಿಸುತ್ತಿತ್ತು. ಮುಂದಿನ ಕೋಣೆಯ ಮೇಜಿನ ಮೇಲೆ ಲೆಕ್ಕ ಬಿಡಿಸುತ್ತಿದ್ದಾಗ, ಪರೀಕ್ಷೆಗೆ ಓದುತ್ತಿದ್ದಾಗ, ಆ ಎರಡು ಏಟು ಗಡಿಯಾರದ ಸದ್ದಿನಂತೆ ಕಿವಿಗೆ ಬಿದ್ದು ಹೋಗುತ್ತಿತ್ತು. ಅದು ಅಪ್ಪ ಅಮ್ಮನಿಗೆ ಹೇಳುತ್ತಿದ್ದ ಮಾತು ಎಂದು ಅವಳಿಗೆ ಒಮ್ಮೆಯೂ ಅನಿಸಿರಲಿಲ್ಲ.

"ಅಂದ್ರೆ ನೀನು ಇಷ್ಟೊತ್ತೂ ಅದಕ್ಕೇ ಕಾಯ್ತಾ ನಿಂತಿದ್ಯಾ?"

ಅಮ್ಮ ಸೆರಗಿನ ತುದಿಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು.

"ಇನ್ನೊಂದು ತಟ್ಟೆ ಇದೆ," ಎಂದಳು ಮಗಳು. "ಅದಕ್ಕಿನ್ನೂ ಹುಳಿ ಬಿದ್ದಿಲ್ಲ. ಅಪ್ಪ ಯಾವಾಗ ಬಡೀತಿದ್ರು ಹೇಳು. ಕೆಂಡ ಹೇಗಿದ್ದಾಗ?"

"ನಂಗೇನು ಗೊತ್ತು?" ಎಂದಳು ಅಮ್ಮ. ದನಿ ಇದ್ದಕ್ಕಿದ್ದಂತೆ ಒಡೆಯಿತು. "ಒಂದು ದಿನವಾದ್ರೂ ಆಚೆ ಬಂದು ನೋಡಿದ್ನಾ ನಾನು? ಬಡಿದ್ರು, ಹಿಂಡಿದೆ, ತಟ್ಟೆ ತಂದು ಮುಂದಿನ ಕೋಣೆ ಮೇಜಿನ ಮೇಲಿಟ್ಟೆ. ಅಷ್ಟೇ."

ದರ್ಜಿ ಸದ್ದಿಲ್ಲದೆ ಹೋಗಿ ಮೂಲೆಯ ಮೇಜಿನಲ್ಲಿ ಕೂತರು.

ಅಮ್ಮ ಮೂಗೆಳೆದುಕೊಂಡು, "ಹೋಗು. ನಿಂಗೆ ಸರಿ ಅನಿಸಿದಾಗ ಬಡಿ," ಎಂದು ಒಳಗೆ ನಡೆದಳು.

ಮಗಳು ಅಂಗಳಕ್ಕೆ ಬಂದು ಕೆಂಡವನ್ನು ಕೆದಕಿ ಹರಡಿದಳು. ತಾಪ ಅಳೆಯುವ ಸಾಧನಗಳನ್ನು ದಿನವೂ ಮುಟ್ಟುವವಳಿಗೆ ಇಲ್ಲಿ ಹಿಡಿದು ನೋಡಲು ಏನೂ ಇರಲಿಲ್ಲ. ಆಗ ಅಪ್ಪನ ಮುಂಗೈ ನೆನಪಾಯಿತು. ಅಂಗೈಯಲ್ಲ, ಮುಂಗೈ. ಅಪ್ಪ ಅದನ್ನು ಜಾಲರಿಯ ಮೇಲೆ ಚಾಚಿ, ದೂರದ ಮಾತು ಆಲಿಸುವವರ ಹಾಗೆ ತಲೆ ಓರೆ ಮಾಡಿ ನಿಲ್ಲುತ್ತಿದ್ದರು. ಆ ಕೈಯ ಮೇಲೆ ಕೂದಲೇ ಇರಲಿಲ್ಲ. ಅವಳೂ ಮುಂಗೈ ಚಾಚಿದಳು. ಬಿಸಿ ಏರಿತು, ಚುರುಗುಟ್ಟಿತು. ಇನ್ನು ತಾಳಲಾರೆ ಎನಿಸಿದಾಗ ಕೈ ಎಳೆದುಕೊಂಡಳು.

ಇಕ್ಕಳ ತೆಗೆದುಕೊಂಡು ಪೈಪಿಗೆ ಎರಡು ಸಲ ಬಡಿದಳು.

ಗೋಡೆಯಾಚೆಯಿಂದ ಏನೂ ಕೇಳಿಸಲಿಲ್ಲ. ಬಡಿಯಬಾರದಿತ್ತೇನೋ, ಆ ಸದ್ದನ್ನು ಇನ್ನೊಬ್ಬರ ಕೈಯಿಂದ ಕೇಳುವುದು ಅಮ್ಮನಿಗೆ ಸಾಧ್ಯವಿಲ್ಲವೇನೋ ಎಂದು ಕಿವಿಯನ್ನು ಗೋಡೆಗೆ ಹಚ್ಚಿದಳು. ನಿಂಬೆ ಕೊಯ್ಯುವ ಚಾಕು ಮಣೆಯ ಮೇಲೆ ಬಿತ್ತು. ಸ್ವಲ್ಪ ಬಿಟ್ಟು ಮತ್ತೆ ಬಿತ್ತು. ಆಮೇಲೆ ಬಿಡುವಿಲ್ಲದೆ ಕೇಳಿಸತೊಡಗಿತು.

ತಟ್ಟೆಯನ್ನು ಅಮ್ಮನೇ ತಂದಳು. ಮಾವ ಕೈ ಚಾಚಿದರೆ ಕೊಡಲಿಲ್ಲ. ಅಂಗಳಕ್ಕೆ ಬಂದು, ತುಂಡುಗಳು ಜಾಲರಿಗೆ ಬೀಳುವುದನ್ನು, ರಸ ತೊಟ್ಟಿಕ್ಕಿ ಕೆಂಡ ಚುಂಯ್‌ಗುಡುವುದನ್ನು ನೋಡುತ್ತ ಒಲೆಯ ಪಕ್ಕ ನಿಂತಳು. ಕಿತ್ತಳೆ ಸಿಪ್ಪೆಯ ಘಮ ಮೇಲೆದ್ದಾಗ ಒಮ್ಮೆ ಕಣ್ಣು ಮುಚ್ಚಿದಳು.

ಬೆಂದ ಮೊದಲ ತುಂಡನ್ನು ಮಗಳು ಅವಳಿಗೇ ಕೊಟ್ಟಳು. ಅಮ್ಮ ನಿಂತಲ್ಲೇ ತಿಂದಳು. ಇನ್ನೊಂದು ತುಂಡು ಮುರಿದು ಅದನ್ನೂ ತಿಂದಳು.

"ಕೆಂಡ ಇನ್ನೂ ಹದಕ್ಕೆ ಬಂದಿರ್ಲಿಲ್ಲ. ನೀನು ಸ್ವಲ್ಪ ಬೇಗ ಬಡಿದೆ," ಎಂದಳು.

ಮಗಳ ಮುಖ ಬಾಡಿತು. ಒಳಗಿನಿಂದ ಮಾವ, "ಅಕ್ಕ, ಟೇಲರ್ ಸಾಹೇಬ್ರು ತಟ್ಟೆ ಬಡೀತಿದ್ದಾರೆ," ಎಂದು ಕೂಗಿದ.

ಅಮ್ಮ ಬೆರಳು ನೆಕ್ಕಿಕೊಂಡು ತಟ್ಟೆ ಎತ್ತಿದಳು. ಬಾಗಿಲಲ್ಲಿ ನಿಂತು, ತಿರುಗದೆ ಹೇಳಿದಳು:

"ನಾಳೆ ಇನ್ನೂ ಸ್ವಲ್ಪ ತಾಳು. ಆಮೇಲೆ, ಅಷ್ಟು ಜೋರಾಗಿ ಬಡೀಬೇಡ. ಗೋಡೆ ಪಕ್ಕದಲ್ಲೇ ಇರ್ತೀನಿ ನಾನು."