ಗೇಟಿನಿಂದ ಬರುವ ಫೋನು

ಸ್ಟ್ರಾ ತೊಳೆಯುವ ಉದ್ದನೆಯ ಬ್ರಷ್ಷನ್ನು ಕೋಕಿಲಾ ಫ್ರಿಜ್ಜಿನ ಒಳಗೋಡೆಯ ತಳದಲ್ಲಿದ್ದ ಸಣ್ಣ ತೂತಿಗೆ ತೂರಿಸಿ ತಿರುಗಿಸುತ್ತಿದ್ದಳು. ಅರ್ಧ ಕೆಲಸ ಮುಗಿದಿತ್ತು. ಹಾಲು, ಮೊಸರು, ದೋಸೆಹಿಟ್ಟಿನ ಪಾತ್ರೆ, ಸುಕುಮಾ ಸೊಪ್ಪಿನ ಕಟ್ಟು ಎಲ್ಲ ಅಡುಗೆಕಟ್ಟೆಯ ಮೇಲೆ ಕಾಯುತ್ತಿದ್ದವು. ಆ ತೂತು ಕಟ್ಟಿಕೊಂಡರೆ ತರಕಾರಿ ಡಬ್ಬಿಯ ಕೆಳಗೆ ನೀರು ನಿಂತು ಕೊತ್ತಂಬರಿ ಕೊಳೆಯುತ್ತದೆ. ಅದಕ್ಕೇ ತಿಂಗಳಿಗೊಮ್ಮೆ ಬ್ರಷ್ಷು, ಮೇಲಿಂದ ಒಂದು ಲೋಟ ಬಿಸಿನೀರು. ಯಾರೂ ಹೇಳಿಕೊಟ್ಟದ್ದಲ್ಲ, ಮಾಡಿ ಮಾಡಿ ಕಂಡುಕೊಂಡದ್ದು.

ಸುರಿದ ನೀರು ಹಿಂದಿನ ತಟ್ಟೆಗೆ ಇಳಿಯಿತೇ ಎಂದು ನೋಡಲು ಫ್ರಿಜ್ಜನ್ನು ಮುಂದಕ್ಕೆ ಎಳೆದಳು. ತಟ್ಟೆಯಲ್ಲಿ ಇರಬೇಕಾದಷ್ಟೇ ನೀರಿತ್ತು. ನೆಲ ಮಾತ್ರ ಒದ್ದೆಯಾಗಿತ್ತು. ಗೋಡೆಗೆ ಅಂಗೈ ಇಟ್ಟಳು. ತಣ್ಣಗಿತ್ತು, ಒಳಗೆ ಏನೋ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಕೈ ತೆಗೆದು ಎರಡು ಹೆಜ್ಜೆ ಹಿಂದೆ ಸರಿಯುವಷ್ಟರಲ್ಲಿ ಒಂದು ಟೈಲು ಕಿತ್ತು ಬಿದ್ದು, ಅದರ ಹಿಂದಿನಿಂದ ನೀರು ಚಿಮ್ಮಿತು. ಪ್ಲಗ್ಗಿಗೂ ನೀರಿಗೂ ನಡುವೆ ಒಂದು ಗೇಣಷ್ಟೇ ಜಾಗ.

ಅವಳು ಓಡಿಹೋಗಿ ಅಡುಗೆಮನೆಯ ಕರೆಂಟು ಆರಿಸಿದಳು. ಸಿಂಕಿನ ಕೆಳಗಿನ ವಾಲ್ವನ್ನು ತಿರುಗಿಸಿದಳು. ಅದು ಎಷ್ಟು ತಿರುಗಿಸಿದರೂ ಸುಮ್ಮನೆ ತಿರುಗುತ್ತಲೇ ಇತ್ತು. ಗೇಟಿಗೆ ಫೋನು ಮಾಡಿದ ಮೇಲೆ ಅಸ್ಕಾರಿ ಮುತುವಾ, ಎಂದರೆ ಕಾಂಪೌಂಡಿನ ಕಾವಲುಗಾರ, ಮಹಡಿಯ ಮೇಲಕ್ಕೆ ಓಡಿ ಟ್ಯಾಂಕಿನ ಕೆಳಗಿನ ವಾಲ್ವು ಮುಚ್ಚಿದ. ನೀರು ನಿಂತಿತು. ಆ ಸಾಲಿನ ಉಳಿದ ಮನೆಗಳ ನಲ್ಲಿಗಳೂ ನಿಂತವು.

ದತ್ತಾತ್ರೇಯನಿಗೆ ಫೋನು ಮಾಡಿದಳು. ಎತ್ತುವುದಿಲ್ಲವೆಂದು ಗೊತ್ತಿದ್ದೇ ಮಾಡಿದಳು. ಇಂಡಸ್ಟ್ರಿಯಲ್ ಏರಿಯಾದ ಔಷಧಿ ಫ್ಯಾಕ್ಟರಿಯಲ್ಲಿ ಅವನು ಕ್ವಾಲಿಟಿ ವಿಭಾಗದ ಮುಖ್ಯಸ್ಥ. ಇಂಜೆಕ್ಷನ್ ತುಂಬುವ ಕೋಣೆಗಳಿಗೆ ಹೋಗುವಾಗ ಯಾರೇ ಆಗಲಿ ಫೋನನ್ನು ಹೊರಗಿನ ಲಾಕರಿನಲ್ಲಿಟ್ಟೇ ಹೋಗಬೇಕು. ಈ ವಾರ ಆಡಿಟ್ ಬೇರೆ. ಸಂಜೆಯವರೆಗೆ ಆ ಫೋನು ಕತ್ತಲೆಯಲ್ಲಿ ತಾನೊಂದೇ ಬಡಿದುಕೊಳ್ಳುತ್ತಿರುತ್ತದೆ.

ಅದಕ್ಕೇ ನೈರೋಬಿಯ ಇನ್ನೊಂದು ತುದಿಯ ಕರೆನ್ ಬಡಾವಣೆಯಲ್ಲಿರುವ ಗೆಳತಿ ಕ್ಲೇರ್‌ಗೆ ಫೋನು ಮಾಡಿ ಅವಳ ಮನೆಯ ಪ್ಲಂಬರಿನ ನಂಬರು ತೆಗೆದುಕೊಂಡಳು. ಹೆಲನ್ ಎಂಬಾಕೆ. ಹತ್ತಿರದಲ್ಲೇ ಕೆಲಸದ ಮೇಲಿದ್ದಳಂತೆ, ಈಗಲೇ ಬರುತ್ತೇನೆಂದಳು.

ಬಂದಳು, ಬೋಡಾ ಬೋಡಾ ಎಂಬ ಬಾಡಿಗೆ ಮೋಟಾರುಬೈಕಿನ ಹಿಂದೆ ಕೂತು, ನೀಲಿ ಓವರಾಲ್ ತೊಟ್ಟು, ಮಡಿಲಲ್ಲಿ ಕಬ್ಬಿಣದ ಪೆಟ್ಟಿಗೆ ಇಟ್ಟುಕೊಂಡು. ಬಂದವಳು ಗೇಟಿನಲ್ಲೇ ನಿಂತಳು.

ಪಾರ್ಕ್‌ಲ್ಯಾಂಡ್ಸಿನ ಆ ಕಾಂಪೌಂಡಿನಲ್ಲಿ ಒಂದು ನಿಯಮವಿತ್ತು. ಎರಡು ವರ್ಷದ ಹಿಂದೆ ಒಂದು ಮನೆಯಲ್ಲಿ ಕಳವಾದಾಗ ಅಸೋಸಿಯೇಷನ್ನಿನ ಅಧ್ಯಕ್ಷರಾದ ಶ್ರೀನಿವಾಸಮೂರ್ತಿಗಳು ತಂದದ್ದು. ಫುಂಡಿ ಬಂದರೆ ಗೇಟಿನಿಂದ ಆ ಮನೆಯ ಯಜಮಾನನಿಗೆ ಫೋನು ಹೋಗಬೇಕು, ಅವನು ಹೂಂ ಅಂದರೆ ಮಾತ್ರ ಒಳಗೆ. ಫುಂಡಿ ಎಂದರೆ ನೈರೋಬಿಯಲ್ಲಿ ಕೊಳಾಯಿಯವನಿಂದ ಬಡಗಿಯವರೆಗೆ ಕೈಕೆಲಸದ ಎಲ್ಲರೂ. ನಿಯಮ ಬಂದ ಮೇಲೆ ಕಾಂಪೌಂಡಿನ ರಿಪೇರಿಗಳೆಲ್ಲ ಭಾನುವಾರಕ್ಕೆ ಜಾರಿದವು. ಸೋರುವ ನಲ್ಲಿಯ ಕೆಳಗೆ ಹೆಂಗಸರು ವಾರವಿಡೀ ಬಕೆಟ್ಟು ಬದಲಿಸುತ್ತಿದ್ದರು. ಭಾನುವಾರ ಗಂಡಂದಿರು ಫುಂಡಿಯ ಪಕ್ಕ ನಿಂತು ಪೇಪರು ಓದುತ್ತಿದ್ದರು. ಆ ನಿಯಮ ಪಾಸಾದ ಮೀಟಿಂಗಿಗೆ ಒಗ್ಗರಣೆ ಅವಲಕ್ಕಿ, ಕಾಫಿ ಮಾಡಿಕೊಟ್ಟವಳು ಕೋಕಿಲಾಳೇ. ನಮ್ಮ ಒಳ್ಳೆಯದಕ್ಕೇ ಅಲ್ಲವೇ ಎಂದುಕೊಂಡಿದ್ದಳು ಆಗ.

ಮುತುವಾ ದತ್ತಾತ್ರೇಯನಿಗೆ ಮತ್ತೆ ಮತ್ತೆ ಫೋನು ಹಚ್ಚಿದ. ಆಮೇಲೆ ಗೇಟಿಗೆ ಇಳಿದು ಬಂದಿದ್ದ ಕೋಕಿಲಾಳೇ ಮೂರ್ತಿಗಳಿಗೆ ಮಾಡಿದಳು. ಅಪ್ಪರ್ ಹಿಲ್‌ನ ಆಫೀಸಿನಲ್ಲಿದ್ದ ಅವರು ಅಯ್ಯೋ ಪಾಪ ಎಂದು ಬಹಳ ಮರುಗಿದರು. ದತ್ತು ಒಂದು ಮೆಸೇಜು ಹಾಕಿದರೆ ಸಾಕು ಎಂದರು. ಅವನ ಫೋನು ಲಾಕರಿನಲ್ಲಿದೆ ಎಂದಳು. ಹಾಗಾದರೆ ಸಂಜೆ ಬರಲಿ, ಅಲ್ಲಿಯವರೆಗೆ ನಮ್ಮ ಮನೆಯಿಂದ ಎರಡು ಕೊಡ ನೀರು ತರಿಸಿಕೊಳ್ಳಿ ಎಂದರು. ಕೆಳಗಿನ ಮನೆ ಅವರದೇ. ಅಲ್ಲಿಯೂ ಈಗ ನೀರಿಲ್ಲವೆಂಬುದು ಅವರಿಗೆ ತಿಳಿದಿರಲಿಲ್ಲ.

ಮುತುವಾ ತಗ್ಗಿದ ದನಿಯಲ್ಲಿ ಒಂದು ದಾರಿ ಹೇಳಿದ. ಇಲ್ಲಿ ಹೆಂಗಸರನ್ನು ಮಾಮಾ, ಎಂದರೆ ಅಮ್ಮಾ, ಎಂದೇ ಕರೆಯುತ್ತಾರೆ. ಮಾಮಾ, ಇವಳು ನಿಮ್ಮ ಗೆಸ್ಟ್ ಅಂತ ಹೇಳಿಬಿಡಿ. ಹೆಂಗಸರು ನೆಂಟರಾಗಿ ಬಂದರೆ ಯಾರಿಗೂ ಫೋನು ಬೇಡ. ಪೆಟ್ಟಿಗೆಯನ್ನು ನಾನು ಆಮೇಲೆ ತಂದು ಕೊಡುತ್ತೇನೆ.

ಒಳ್ಳೆಯ ದಾರಿಯೇ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಕೋಕಿಲಾ ತಲೆಯಾಡಿಸುವುದರಲ್ಲಿದ್ದಳು. ಅಷ್ಟರಲ್ಲಿ ಹೆಲನ್ ನಕ್ಕಳು.

"ಗೆಸ್ಟ್ ಅಂದ್ರೆ ಚಾಯ್ ಕುಡಿದು ಹೋಗ್ತೀನಿ ಮಾಮಾ. ನೆಂಟರ ಕೈಲಿ ಪೈಪ್ ರಿಪೇರಿ ಮಾಡಿಸ್ತಾರಾ ನಿಮ್ಮ ಕಡೆ?"

ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಆದರೂ ಕೋಕಿಲಾಳ ಕಿವಿ ಬಿಸಿಯಾಯಿತು. ಈ ಊರಿಗೆ ಬಂದು ಹನ್ನೊಂದು ವರ್ಷ. ಇರಲು ಕೊಟ್ಟ ಪರವಾನಗಿಯಲ್ಲಿ ಅವಳು ದತ್ತಾತ್ರೇಯನ ಅವಲಂಬಿತೆ. ಮನೆ ಅವನ ಕಂಪನಿಯದು, ಫೋನಿನ ಸಿಮ್ಮು ಅವನ ಹೆಸರಿನದು. ಅದಕ್ಕೆ ಅವಳು ಬೇಸರಪಟ್ಟುಕೊಂಡವಳೇ ಅಲ್ಲ. ನಿನಗೆ ಬೇಸರವೇ ಎಂದು ಕೇಳಿದವರೂ ಇಲ್ಲ. ಆದರೆ ಒಡೆದ ಪೈಪು ಅವಳ ಒಲೆಯ ಪಕ್ಕದಲ್ಲಿತ್ತು. ಅದನ್ನು ರಿಪೇರಿ ಮಾಡುವ ಕೈ ಎದುರಿಗೆ ನಿಂತಿತ್ತು. ನಡುವೆ ಇದ್ದದ್ದು ಒಂದು ಚಿಲಕ. ಅದನ್ನು ದಾಟಿಸಲು ಆ ಹೆಂಗಸಿನ ಕಸುಬಿನ ಹೆಸರನ್ನೇ ಬಚ್ಚಿಡಬೇಕಂತೆ.

"ಇವಳು ಗೆಸ್ಟ್ ಅಲ್ಲ, ಪ್ಲಂಬರು" ಎಂದಳು ಮುತುವಾನಿಗೆ. "ನನ್ನ ಮನೆ ಕೆಲಸಕ್ಕೆ ಬಂದಿದಾಳೆ. ಒಳಗೆ ಬಿಡ್ತಿರೋಳು ನಾನು."

"ಯಾರು ಪರ್ಮಿಷನ್ ಕೊಟ್ರು ಅಂತ ಕೇಳ್ತಾರೆ ಮಾಮಾ."

"ಮಾಮಾ ಕೋಕಿಲಾ ಅನ್ನು."

ತಪ್ಪು ಅವನ ತಲೆಗೆ ಬರಬಾರದೆಂದು ಚಿಕ್ಕ ಗೇಟಿನ ಚಿಲಕವನ್ನು ತಾನೇ ತೆಗೆದಳು.

ಹೆಲನ್ ಗೋಡೆಯನ್ನು ಬೇಕಾದಷ್ಟೇ ಒಡೆದಳು. ಪ್ಲಾಸ್ಟಿಕ್ ಪೈಪು ತಿರುಗುವ ಮೂಲೆಯಲ್ಲಿ ಬೆಸುಗೆ ಬಿಟ್ಟಿತ್ತು. ಹಾಲಿನಿಂದ ಉದ್ದನೆಯ ವೈರು ಎಳೆದು, ಇಸ್ತ್ರಿಪೆಟ್ಟಿಗೆಯಂತೆ ಕಾಯುವ ಒಂದು ಯಂತ್ರವನ್ನು ಹಚ್ಚಿದರು. ಪೈಪಿನ ಎರಡು ತುದಿಗಳನ್ನು ಅದಕ್ಕೆ ಕೊಟ್ಟು, ಮೆತ್ತಗಾದ ಕೂಡಲೇ ಒಂದಕ್ಕೊಂದು ಒತ್ತಿ ಅಲುಗದಂತೆ ಹಿಡಿಯಬೇಕು. ಕೋಕಿಲಾ ಹಿಡಿದಳು. ಪಾಕ ಹದಕ್ಕೆ ಬಂದಾಗ ತಟ್ಟೆಗೆ ಸುರಿಯುವಷ್ಟೇ ಅವಸರದ ಕೆಲಸ, ಅಷ್ಟೇ ತಾಳ್ಮೆಯದೂ. ಸಿಂಕಿನ ಕೆಳಗಿನ ಕೆಟ್ಟ ವಾಲ್ವನ್ನೂ ಹೆಲನ್ ಬದಲಿಸಿದಳು. ಮಧ್ಯಾಹ್ನ ಇಬ್ಬರೂ ನೆಲದ ಮೇಲೆ ಕೂತು ಚಿತ್ರಾನ್ನ ತಿಂದರು. ಈಗ ಗೆಸ್ಟ್ ಆದೆ ನೋಡಿ ಎಂದಳು ಹೆಲನ್. ಹೊರಡುವ ಮೊದಲು ಬಚ್ಚಲಮನೆಯ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ, ಇಲ್ಲಿಯ ಮೂಲೆಯನ್ನೂ ಅದೇ ಕೈ ಬೆಸೆದಿದೆ, ಇದೂ ಬಹಳ ದಿನ ತಡೆಯುವುದಿಲ್ಲ, ಒಂದು ದಿನ ಬಿಡುವು ಮಾಡಿಕೊಂಡು ಕರೆಯಿರಿ ಎಂದಳು.

ನಲ್ಲಿ ತಿರುಗಿಸಿದಾಗ ಮೊದಲು ಕೆಮ್ಮಿ, ಆಮೇಲೆ ನೆಟ್ಟಗೆ ನೀರು ಬಂತು. ಕೆಳಗಿನ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದೂ ಶುರುವಾಯಿತು.

ಸಂಜೆ ದತ್ತಾತ್ರೇಯ ಬಂದವನೇ ಮೊದಲು ಗೋಡೆ ನೋಡಿದ. ಕೆಲಸದ ಮಟ್ಟಿಗೆ ಅವನು ಸುಳ್ಳಾಡುವವನಲ್ಲ. ಚೆನ್ನಾಗಿ ಮಾಡಿದಾಳೆ ಎಂದ. ಆಮೇಲೆ ಸೋಫಾದಲ್ಲಿ ಕೂತು ಫೋನು ತೆಗೆದ. ಅಸೋಸಿಯೇಷನ್ನಿನ ವಾಟ್ಸ್ಯಾಪ್ ಗುಂಪಿನಲ್ಲಿ ಇರುವವರು ಗಂಡಸರು ಮಾತ್ರ. ಅಲ್ಲಿ ಮಧ್ಯಾಹ್ನದಿಂದ ಮಾತು ನಡೆದಿತ್ತು. ನಿಯಮ ಮುರಿದ ಅಸ್ಕಾರಿಯನ್ನು ಬದಲಾಯಿಸಬೇಕೆಂದು ಯಾರೋ ಬರೆದಿದ್ದರು, ಇಬ್ಬರು ಹೆಬ್ಬೆರಳು ಒತ್ತಿದ್ದರು.

"ಅರ್ಧ ದಿನ ಕಾಯಕ್ಕಾಗ್ಲಿಲ್ವಾ ಕೋಕಿಲಾ?"

"ನಾಲ್ಕು ಮನೇಲಿ ನೀರಿರ್ಲಿಲ್ಲ. ಯಾಕೆ ಕಾಯ್ಬೇಕಿತ್ತು ಹೇಳಿ."

ಅವನ ಬಳಿ ಒಂದು ಉಪಾಯವಿತ್ತು. ನಾನೇ ಫೋನಿನಲ್ಲಿ ಪರ್ಮಿಷನ್ ಕೊಟ್ಟಿದ್ದೆ ಅಂತ ಒಂದು ಸಾಲು ಹಾಕುತ್ತೇನೆ, ಮುತುವಾನ ಕೆಲಸವೂ ಉಳಿಯುತ್ತದೆ, ಮಾತೂ ನಿಲ್ಲುತ್ತದೆ ಎಂದ.

ಮೇಜಿನ ಬಳಿ ಹೋಂವರ್ಕ್ ಮಾಡುತ್ತಿದ್ದ ಮಗಳು ಜಾಹ್ನವಿ ತಲೆ ಎತ್ತಿದಳು. "ಬಟ್ ಅಪ್ಪಾ, ಯು ಡಿಡಿಂಟ್."

"ನಿನ್ನ ಮ್ಯಾಥ್ಸ್ ನೋಡ್ಕೋ."

"ಹಾಕ್ಬೇಡಿ" ಎಂದಳು ಕೋಕಿಲಾ. "ಬಿಟ್ಟೋಳು ನಾನು. ನಾನೇ ಹೋಗಿ ಹೇಳ್ತೀನಿ. ಮುತುವಾನ ಕೆಲಸ ಉಳಿಸಿ ಅಂತಾನೂ ನಾನೇ ಕೇಳ್ತೀನಿ."

ಚಪ್ಪಲಿ ಮೆಟ್ಟಿ ಕೆಳಗಿಳಿದಳು. ಮೆಟ್ಟಿಲಿಳಿಯುತ್ತ ಮಾತು ಜೋಡಿಸಿಕೊಂಡಳು. ತಪ್ಪಾಗಿದ್ದರೆ ಅದು ನನ್ನದು, ಗೇಟಿನವನದಲ್ಲ. ನಿಯಮಕ್ಕೆ ಹೆಸರು ಬೇಕಿದ್ದರೆ ನನ್ನ ಹೆಸರು ಬರೆದುಕೊಳ್ಳಿ. ನನ್ನ ಮನೆಗೆ ಯಾರು ಬರಬೇಕೆಂದು ಹೇಳುವಷ್ಟು ವಯಸ್ಸು, ಬುದ್ಧಿ ನನಗೂ ಇದೆ. ಹೀಗೆ ಯಾರ ಎದುರಿಗಾದರೂ ನಿಂತು ಮಾತಾಡಿ ಎಷ್ಟೋ ಕಾಲವಾಗಿತ್ತು. ಭಯವಾಗಬೇಕಿತ್ತು. ಹಸಿವಾದಂತಾಯಿತು.

ಬಾಗಿಲು ತೆರೆದವರು ಮೂರ್ತಿಗಳೇ. ಮುಖ ತುಂಬಾ ನಗು. ಬಾರಮ್ಮಾ, ಕಾಫಿ ಕುಡಿ ಎಂದರು. ಅವಳು ನಿಂತೇ ಮಾತು ತೆಗೆದಳು. ಮೊದಲ ಸಾಲು ಮುಗಿಯುವ ಮುಂಚೆಯೇ ಅವರು ಕೈಯಾಡಿಸಿದರು.

"ಮುಗೀತಲ್ಲಮ್ಮಾ. ದತ್ತು ಈಗ್ತಾನೇ ಹಾಕಿದಾನೆ, ತಾನೇ ಪರ್ಮಿಷನ್ ಕೊಟ್ಟಿದ್ದೆ ಅಂತ. ಮುತುವಾಗೂ ಏನೂ ತೊಂದ್ರೆ ಇಲ್ಲ."

ಅವಳು ಮೆಟ್ಟಿಲಿಳಿಯುತ್ತಿದ್ದಾಗಲೇ ದತ್ತಾತ್ರೇಯನ ಬೆರಳು ಫೋನಿನ ಮೇಲೆ ಆಡಿತ್ತು.

"ಅವರ ಫೋನು ಲಾಕರಲ್ಲಿತ್ತು ಮೂರ್ತಿಗಳೇ. ನಾನೇ ನಿಮಗೆ ಹೇಳಿದ್ನಲ್ಲ."

"ಗೊತ್ತಮ್ಮಾ."

"ಗೊತ್ತಿದ್ದೂ?"

"ಗೊತ್ತಿದ್ರೇನು. ಹೀಗಿದ್ರೆ ಎಲ್ಲಾರ್ಗೂ ಮರ್ಯಾದೆ" ಎಂದರು ಅವರು ಮೆತ್ತಗೆ, ಮಗುವಿಗೆ ಹೇಳುವ ಹಾಗೆ.

"ನನಗಿಲ್ಲ" ಎಂದಳು ಕೋಕಿಲಾ. ದನಿ ಏರಿಸಲಿಲ್ಲ. ಮೂರ್ತಿಗಳ ನಗು ಇದ್ದಲ್ಲೇ ಉಳಿಯಿತು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ.

ಅವಳು ಹೊರಟಾಗ ಅವರ ಹೆಂಡತಿ ಶ್ರೀರಂಜನಿ ಬಾಗಿಲವರೆಗೆ ಬಂದರು. ಒಳಗೊಮ್ಮೆ ತಿರುಗಿ ನೋಡಿ, ಆ ಹೆಂಗಸಿನ ನಂಬರು ಕೊಡುತ್ತೀಯಾ, ನಮ್ಮ ಬಚ್ಚಲ ನಲ್ಲಿ ಯುಗಾದಿಯಿಂದ ಸೋರುತ್ತಿದೆ ಎಂದರು. ನಾಳೆಯೇ ಕರೆಸಿ ರಂಜನಿ ಅಕ್ಕ ಎಂದಳು ಕೋಕಿಲಾ. ಇಲ್ಲಪ್ಪ, ಭಾನುವಾರ ಇವರು ಇರುತ್ತಾರಲ್ಲ ಎಂದು ಅವರು ಬಾಗಿಲು ಮುಚ್ಚಿಕೊಂಡರು.

ಮೇಲೆ ಬಂದಾಗ ದತ್ತಾತ್ರೇಯ ಫ್ರಿಜ್ಜನ್ನು ಗೋಡೆಗೆ ತಳ್ಳಿ ಅದರ ಜಾಗಕ್ಕೆ ಸೇರಿಸುತ್ತಿದ್ದ. ರಾಜಿಯ ಕೆಲಸವದು, ಅವಳಿಗೂ ಗೊತ್ತಾಯಿತು.

"ಸಿಟ್ಟಾ? ಎಲ್ಲಾರ್ಗೂ ಒಳ್ಳೇದೇ ಆಯ್ತಲ್ವಾ?"

ಮುತುವಾನ ಕೆಲಸ ಉಳಿಯಿತು, ಅದು ನಿಜ. ಆ ಸುಳ್ಳನ್ನು ಈಗ ಎಳೆದು ಹಾಕಿದರೆ ಮೊದಲು ಬೀಳುವವನು ಅವನೇ, ಅದೂ ನಿಜ. ಸುಳ್ಳು ಕಟ್ಟಿದವರು ಅದನ್ನು ಅಷ್ಟು ಗಟ್ಟಿಯಾಗಿ ಬೆಸೆದಿದ್ದರು. ಬೆಳಿಗ್ಗೆ ತೆಗೆದ ಚಿಲಕ ಈಗ ತಾನು ತೆಗೆದದ್ದಲ್ಲ, ದತ್ತಾತ್ರೇಯ ತೆಗೆಸಿದ್ದು. ನಾಳೆ ಕಾಂಪೌಂಡಿನಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ.

ಕೋಕಿಲಾ ಕಟ್ಟೆಯ ಮೇಲೆ ಮತ್ತೆ ಕಾಯಿಸಿಟ್ಟಿದ್ದ ಹಾಲು, ಪಕ್ಕದ ಮೊಸರು, ಹಿಟ್ಟು ಎಲ್ಲವನ್ನೂ ಒಂದೊಂದಾಗಿ ಒಳಗಿಟ್ಟಳು. ಇಡುತ್ತಾ ಯೋಚಿಸಿದಳು. ಇವತ್ತು ಪೈಪು ಒಡೆದಿತ್ತು, ಇವನು ಸಿಗಲಿಲ್ಲ. ಅದಕ್ಕೇ ಅವರಿಗೆ ಸುಳ್ಳು ತೂರಿಸಲು ಸಂದು ಸಿಕ್ಕಿತು. ಏನೂ ಒಡೆಯದ ದಿನ, ಇವನು ಮನೆಯಲ್ಲೇ ಇರುವ ದಿನ ಆ ಸಂದು ಇರುವುದಿಲ್ಲ.

ಶನಿವಾರ ಇವನಿಗೆ ರಜೆ. ಬೆಳಗಿನ ತಿಂಡಿ ಮುಗಿಸಿ ಕಾಂಪೌಂಡಿನ ಗಂಡಸರೆಲ್ಲ ಅಂಗಳದಲ್ಲಿ ಕಾರು ತೊಳೆಯುತ್ತಾರೆ, ಮೂರ್ತಿಗಳು ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಬಚ್ಚಲಮನೆಯ ಮೂಲೆಗೆ ಹೆಲನ್‌ಳನ್ನು ಅವತ್ತೇ ಕರೆಯಬೇಕು. ಇವನು ಸೋಫಾದಲ್ಲಿ ಕೂತಿರುವಾಗ, ಫೋನು ಇವನ ಕೈಯಲ್ಲೇ ಇರುವಾಗ, ಇವನನ್ನು ಒಂದು ಮಾತೂ ಕೇಳದೆ ತಾನು ಮೆಟ್ಟಿಲಿಳಿಯಬೇಕು. ಅವರೆಲ್ಲರ ಕಣ್ಣೆದುರಿಗೆ ಅಂಗಳ ದಾಟಿ, ಮುತುವಾ ಯಾರಿಗೂ ಫೋನು ಹಚ್ಚುವ ಮೊದಲೇ ಗೇಟಿನಲ್ಲಿ ನಿಂತಿರಬೇಕು. ನಿಮ್ಮವರು ಹೂಂ ಅಂದರಾ ಎಂದು ಯಾರಾದರೂ ಕೇಳಲಿ. ಕೇಳಿದರೆ ಇನ್ನೂ ಒಳ್ಳೆಯದು.

"ಏನು ಯೋಚ್ನೆ ಮಾಡ್ತಿದೀಯಾ?" ಎಂದ ದತ್ತಾತ್ರೇಯ.

"ಶನಿವಾರ ತಿಂಡಿಗೆ ಏನು ಮಾಡ್ಲಿ ಅಂತ" ಎಂದಳು ಕೋಕಿಲಾ.